ಹಳೆಯ ಹಾರ್ಡ್‌ಟಾಪ್ (ಗಟ್ಟಿ ಲೋಹದ ಚಾವಣಿಯ) ಕಾರಿನ ಚಾವಣಿ ಕತ್ತರಿಸಿ ಕನ್ವರ್ಟಿಬಲ್ (ಚಾವಣಿ ತೆರೆಯಬಹುದಾದ ಕಾರು) ಮಾಡಬಹುದಾ?

ಮಾಡಬಹುದು, ಆದರೆ ಸುಮ್ನೆ ಚಾವಣಿ ಕತ್ತರಿಸಿ ತೆಗೆದರೆ ಕಾರು ನಡುವೆ ಬಗ್ಗುತ್ತದೆ. ಕೆಳಭಾಗವನ್ನು ಮೊದಲೇ ಗಟ್ಟಿ ಮಾಡುವುದೇ ಇಲ್ಲಿ ದೊಡ್ಡ ಕೆಲಸ.

ಚಾವಣಿ ಇರುವುದು ಮಳೆ ಬಿಸಿಲು ತಡೆಯುವುದಕ್ಕೆ ಮಾತ್ರ ಅಲ್ಲ, ಕಾರು ಬಗ್ಗದಂತೆ ಬಲ ಕೊಡುವುದಕ್ಕೂ. ಮುಚ್ಚಳ ಹಾಕಿದ ರಟ್ಟಿನ ಡಬ್ಬವನ್ನು ತಿರುಚಿ ನೋಡಿ, ಆಮೇಲೆ ಮುಚ್ಚಳ ತೆಗೆದು ತಿರುಚಿ, ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಚಾವಣಿ ಹೋದ ಮೇಲೆ ಆ ಬಲವನ್ನೆಲ್ಲ ನೆಲದ ತಗಡು ಮತ್ತು ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಸಿಲ್ ಎಂಬ ಪಟ್ಟಿಯೇ ಕೊಡಬೇಕು. ಅವು ಬಗ್ಗಿದರೆ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಗುಂಡಿ ಬಂದಾಗ ಸ್ಟೀರಿಂಗ್ ನಡುಗುತ್ತದೆ, ಮುಂದಿನ ಗಾಜೂ ಬಿರುಕು ಬಿಡಬಹುದು.

ಅದಕ್ಕೇ ಸಿಲ್ ಒಳಗೆ ಹೆಚ್ಚುವರಿ ಉಕ್ಕು, ಸೀಟಿನ ಕೆಳಗೆ ಅಡ್ಡಪಟ್ಟಿ, ಮುಂದಿನ ಗಾಜಿನ ಚೌಕಟ್ಟಿಗೂ ಬಲ ಕೊಡುತ್ತಾರೆ. 1965ರ ಫೋರ್ಡ್ ಮಸ್ಟಾಂಗ್ ಕನ್ವರ್ಟಿಬಲ್‌ನಲ್ಲಿ ಕಂಪನಿಯೇ ಸಿಲ್ ಮತ್ತು ನೆಲವನ್ನು ಹೀಗೆ ಬಲಪಡಿಸಿತ್ತು, ಹಾಗಾಗಿ ಚಾವಣಿ ಇಲ್ಲದಿದ್ದರೂ ಅದರ ತೂಕ ಅದೇ ಕಾರಿನ ಗಟ್ಟಿ ಚಾವಣಿಯ ಕೂಪೆ ಮಾದರಿಗಿಂತ ಜಾಸ್ತಿ. ಬಾಡಿಯ ಕೆಳಗೆ ಪ್ರತ್ಯೇಕ ಚಾಸಿಸ್ (ಗಟ್ಟಿ ಚೌಕಟ್ಟು) ಇರುವ ಕಾರಾದರೆ ಕೆಲಸ ಸ್ವಲ್ಪ ಸುಲಭ, ಏಕೆಂದರೆ ಭಾರದ ಬಹುಪಾಲನ್ನು ಅದೇ ಹೊರುತ್ತದೆ, ಆದರೂ ಬಲಪಡಿಸದೆ ಬಿಡುವ ಹಾಗಿಲ್ಲ.

ಕತ್ತರಿಸುವ ಮುಂಚೆ ಕಾರು ತನ್ನ ಚಕ್ರಗಳ ಮೇಲೆ ಸಮನಾಗಿ ನಿಂತಿರಲಿ, ಬಾಗಿಲ ಜಾಗಕ್ಕೆ ತಾತ್ಕಾಲಿಕ ಕಂಬಿ ಬೆಸುಗೆ ಹಾಕಿ, ಬಾಗಿಲ ಸುತ್ತಲಿನ ಸಂದು ಅಳೆದಿಟ್ಟುಕೊಳ್ಳಿ. ಸಿಲ್ ತುಕ್ಕು ಹಿಡಿದಿದ್ದರೆ ದಯವಿಟ್ಟು ಗರಗಸ ಮುಟ್ಟಬೇಡಿ, ಮೊದಲು ಅದನ್ನು ಸರಿ ಮಾಡಿಸಿ.

ಅದೇ ಮಾದರಿಯಲ್ಲಿ ಕಂಪನಿಯ ಕನ್ವರ್ಟಿಬಲ್ ಸಿಗುತ್ತದೆಯೆಂದರೆ ನಾನಂತೂ ಅದನ್ನೇ ಕೊಳ್ಳಿ ಅಂತೀನಿ. ಚೆನ್ನಾಗಿರುವ ಹಾರ್ಡ್‌ಟಾಪ್ ಒಮ್ಮೆ ಕತ್ತರಿಸಿದರೆ ಮತ್ತೆ ಮೊದಲಿನಂತೆ ಆಗುವುದಿಲ್ಲ, ಅಲ್ವಾ?