ಸ್ಪೋರ್ಟ್ಸ್ ಕಾರಿನ ರಿಯಾಯಿತಿ: ಮಾತಿನಲ್ಲಿ ಎಷ್ಟು, ಇನ್‌ವಾಯ್ಸ್‌ನಲ್ಲಿ ಎಷ್ಟು?

ಹೊಸ ಸ್ಪೋರ್ಟ್ಸ್ ಕಾರು ಕೊಳ್ಳುವಾಗ ಡೀಲರ್ ಹೇಳುವ ಬೆಲೆ ಮತ್ತು ರಿಯಾಯಿತಿಯ ಬಗ್ಗೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಬರೆದ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಚಿಕ್ಕಮಗಳೂರಿನ ತೋಟದ ರಸ್ತೆಗಳಲ್ಲಿ ರ‍್ಯಾಲಿ ಕಾರುಗಳು ಓಡುವುದನ್ನು ನೋಡುತ್ತಾ ಬೆಳೆದವನು ನಾನು. ಈಗ ಎಕ್ಸ್‌ಶೋರೂಮ್ ಬೆಲೆ (ನೋಂದಣಿ, ವಿಮೆ ಸೇರದ ಬೆಲೆ) 50 ಲಕ್ಷ ರೂಪಾಯಿ ಇರುವ ಒಂದು ಸ್ಪೋರ್ಟ್ಸ್ ಕಾರನ್ನು ಮೆಚ್ಚಿಕೊಂಡಿದ್ದೇನೆ. ಬೆಂಗಳೂರಿನ ಡೀಲರ್ 2 ಲಕ್ಷ ರೂಪಾಯಿಯ ಲಾಭ ಕೊಡುತ್ತೇನೆ ಎನ್ನುತ್ತಾರೆ, ಆದರೆ ಅದೆಲ್ಲ ಸೆರಾಮಿಕ್ ಕೋಟಿಂಗ್, ಆಕ್ಸೆಸರಿ ಮತ್ತು ಹೆಚ್ಚುವರಿ ವಾರಂಟಿಯ ರೂಪದಲ್ಲಿದೆ. ಮಂಗಳೂರಿನ ಡೀಲರ್ ಬೆಲೆಯಲ್ಲಿಯೇ 1.25 ಲಕ್ಷ ಇಳಿಸಲು ಒಪ್ಪಿದ್ದಾರೆ. ಯಾವುದನ್ನು ಒಪ್ಪಿಕೊಳ್ಳಲಿ? (ಕಾಫಿ ಬೆಳೆಗಾರರು, ಮೂಡಿಗೆರೆ ತಾಲ್ಲೂಕು)

ಉತ್ತರ: ಮಂಗಳೂರಿನದನ್ನು ಒಪ್ಪಿಕೊಳ್ಳಿ. ಆದರೆ ಆ 1.25 ಲಕ್ಷ ಇನ್‌ವಾಯ್ಸ್‌ನಲ್ಲಿ ರಿಯಾಯಿತಿ ಎಂದು ಪ್ರತ್ಯೇಕ ಸಾಲಿನಲ್ಲಿ ಬರಬೇಕು ಎಂಬ ಷರತ್ತನ್ನು ಬುಕಿಂಗ್‌ಗೆ ಮುಂಚೆಯೇ ಬರಹದಲ್ಲಿ ಪಡೆಯಿರಿ.

ಇದಕ್ಕೆ ಕಾರಣ ತೆರಿಗೆಯ ಲೆಕ್ಕದಲ್ಲಿದೆ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಎಂಜಿನ್ನಿನ ಪೆಟ್ರೋಲ್ ಕಾರುಗಳ ಮೇಲೆ ಶೇ 40ರಷ್ಟು ಜಿಎಸ್‌ಟಿ ಇದೆ. ಹಿಂದೆ ಜಿಎಸ್‌ಟಿಯ ಜೊತೆಗೆ ಬೇರೆಯಾಗಿ ಬೀಳುತ್ತಿದ್ದ ಪರಿಹಾರ ಸೆಸ್ ಈಗ ಇಲ್ಲ. ಎಕ್ಸ್‌ಶೋರೂಮ್ ಬೆಲೆ 50 ಲಕ್ಷ ಎಂದರೆ ಅದರಲ್ಲಿ ಕಾರಿನ ಮೂಲ ಬೆಲೆ ಸುಮಾರು 35.71 ಲಕ್ಷ, ಉಳಿದ 14.29 ಲಕ್ಷ ತೆರಿಗೆ. ಮಾರಾಟದ ಸಮಯದಲ್ಲಿ ಅಥವಾ ಅದಕ್ಕೂ ಮೊದಲು ಕೊಟ್ಟು, ಇನ್‌ವಾಯ್ಸ್‌ನಲ್ಲಿ ದಾಖಲಿಸಿದ ರಿಯಾಯಿತಿಯನ್ನು ತೆರಿಗೆ ಬೀಳುವ ಮೌಲ್ಯದಿಂದ ಕಳೆಯಬೇಕೆಂದು ಜಿಎಸ್‌ಟಿ ಕಾಯ್ದೆಯೇ ಹೇಳುತ್ತದೆ. ಹೀಗಾಗಿ ಡೀಲರ್ ಮೂಲ ಬೆಲೆಯಲ್ಲಿ 1 ಲಕ್ಷ ಬಿಟ್ಟುಕೊಟ್ಟರೆ ನೀವು ಕೊಡಬೇಕಾದ ಬೆಲೆ 1.40 ಲಕ್ಷ ಇಳಿಯುತ್ತದೆ. ನಿಮ್ಮ ಮಂಗಳೂರಿನ ಡೀಲರ್ ಒಪ್ಪಿರುವ 1.25 ಲಕ್ಷದಲ್ಲಿ ಅವರ ಕೈಯಿಂದ ಹೋಗುವುದು ಸುಮಾರು 89 ಸಾವಿರ ಮಾತ್ರ. ಉಳಿದ 36 ಸಾವಿರ ಹುಟ್ಟದೇ ಹೋದ ತೆರಿಗೆ. ಚೌಕಾಶಿಗೆ ಕುಳಿತಾಗ ಈ ಅನುಪಾತ ನಿಮ್ಮ ತಲೆಯಲ್ಲಿದ್ದರೆ, ‘ನನ್ನ ಪಾಲಿನಲ್ಲಿ ಇನ್ನು 50 ಸಾವಿರಕ್ಕಿಂತ ಹೆಚ್ಚು ಬಿಡಲಾರೆ’ ಎಂದು ಡೀಲರ್ ಹೇಳಿದಾಗ, ಬೆಲೆಯಲ್ಲಿ ಅದು 70 ಸಾವಿರ ಆಗಬೇಕೆಂದು ನೀವು ಕೇಳಬಹುದು.

ಬೆಂಗಳೂರಿನವರ 2 ಲಕ್ಷದ ಲಾಭಕ್ಕೆ ಈ ಗುಣವಿಲ್ಲ. ಅಲ್ಲಿ ಕಾರಿಗೆ ನೀವು ಪೂರ್ತಿ 50 ಲಕ್ಷ ಕೊಡುತ್ತೀರಿ, ಪೂರ್ತಿ ತೆರಿಗೆಯನ್ನೂ ಕೊಡುತ್ತೀರಿ. ಜೊತೆಗೆ, ಆ ಕೋಟಿಂಗಿಗೂ ಆಕ್ಸೆಸರಿಗೂ ಪಟ್ಟಿಯಲ್ಲಿ ಬರೆದ ಬೆಲೆ ಬೇರೆ, ಡೀಲರಿಗೆ ಅವು ಬೀಳುವ ಅಸಲು ಬೇರೆ. ಅವುಗಳಲ್ಲಿ ಯಾವುದನ್ನು ನೀವು ಸ್ವಂತ ಹಣ ಕೊಟ್ಟು ಕೊಳ್ಳುತ್ತಿದ್ದಿರಿ ಎಂದು ಕೇಳಿಕೊಳ್ಳಿ. ಹೆಚ್ಚುವರಿ ವಾರಂಟಿಯೊಂದೇ ನನ್ನ ಮಟ್ಟಿಗೆ ನಿಜವಾದ ಬೆಲೆಯುಳ್ಳದ್ದು. ಇಂತಹ ಕಾರಿನ ಗೇರ್‌ಬಾಕ್ಸ್ ಅಥವಾ ಟರ್ಬೊ ಕೆಟ್ಟರೆ ಬರುವ ಖರ್ಚು ಸಣ್ಣದಲ್ಲ. ಬೆಲೆ ಇಳಿಸಿಕೊಂಡ ಮೇಲೆ ಅದನ್ನೊಂದನ್ನು ಬೇರೆಯಾಗಿ ಕೇಳಿ ನೋಡಿ.

ಇನ್ನು ಆನ್‌ರೋಡ್ ಬೆಲೆಯ, ಅಂದರೆ ನೋಂದಣಿಯ ತೆರಿಗೆ, ವಿಮೆ ಎಲ್ಲ ಸೇರಿದ ಬೆಲೆಯ ವಿಷಯ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಿತಾವಧಿ ತೆರಿಗೆ ಶೇ 18, ಆ ತೆರಿಗೆಯ ಮೇಲೆ ಶೇ 11ರಷ್ಟು ಸೆಸ್. 50 ಲಕ್ಷದ ಮೇಲೆ ಇವೆರಡು ಸೇರಿ 9.99 ಲಕ್ಷ. ಆದಾಯ ತೆರಿಗೆಯ ಲೆಕ್ಕದಲ್ಲಿ ಡೀಲರ್ ವಸೂಲು ಮಾಡುವ ಶೇ 1ರ ಟಿಸಿಎಸ್ 50 ಸಾವಿರ. ವಿಮೆಗೆ ಮೊದಲೇ ಲೆಕ್ಕ 60.49 ಲಕ್ಷಕ್ಕೆ ಮುಟ್ಟುತ್ತದೆ. ಇಷ್ಟು ದೊಡ್ಡ ಮೊತ್ತದಲ್ಲಿ 30 ಸಾವಿರ, 40 ಸಾವಿರ ಎಲ್ಲಿ ಸೇರಿತು, ಎಲ್ಲಿ ಬಿಟ್ಟುಹೋಯಿತು ಎಂಬುದು ಕಣ್ಣಿಗೆ ಬೀಳುವುದಿಲ್ಲ; ಬೆಲೆಯಲ್ಲಿ ಬಿಟ್ಟದ್ದನ್ನು ವಿಮೆಯಲ್ಲಿಯೋ ಇತರ ಶುಲ್ಕದಲ್ಲಿಯೋ ಮರಳಿ ಪಡೆಯಲು ಡೀಲರಿಗೆ ಅನುಕೂಲವಾಗುವುದು ಇಲ್ಲಿಯೇ. ಆದ್ದರಿಂದ ಇಬ್ಬರು ಡೀಲರುಗಳಿಂದಲೂ ಸಾಲುಸಾಲಾಗಿ ವಿವರಗಳಿರುವ ಕೊಟೇಶನ್ ತರಿಸಿ, ಮೇಜಿನ ಮೇಲೆ ಅಕ್ಕಪಕ್ಕದಲ್ಲಿಟ್ಟು ಹೋಲಿಸಿ. ಕಾರು ಬಂದ ಮೇಲೆ ತೆರಿಗೆಯ ರಸೀತಿಯಲ್ಲಿರುವ ಮೊತ್ತವನ್ನೂ ಕೊಟೇಶನ್ನಿನ ಮೊತ್ತವನ್ನೂ ತಾಳೆ ನೋಡುವುದನ್ನು ಮರೆಯಬೇಡಿ.

ಹಳೆಯ ಕಾರನ್ನು ಅವರಿಗೇ ಕೊಡುವುದಿದ್ದರೆ ಅದರ ಮಾತನ್ನು ಹೊಸ ಕಾರಿನ ಬೆಲೆ ಇತ್ಯರ್ಥವಾದ ಮೇಲೆ ಎತ್ತಿ. ಎಕ್ಸ್‌ಚೇಂಜ್ ಬೋನಸ್ 1 ಲಕ್ಷ ಎಂದು ಹೇಳಿ ಹಳೆಯ ಕಾರಿನ ಬೆಲೆಯನ್ನೇ 1.5 ಲಕ್ಷ ಕಡಿಮೆ ಹಿಡಿದರೆ ಆ ಬೋನಸ್ಸಿಗೆ ಅರ್ಥವಿಲ್ಲ. ಸಾಲದ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. 40 ಲಕ್ಷದ ಸಾಲವನ್ನು ಐದು ವರ್ಷಗಳ ಕಂತುಗಳಲ್ಲಿ ತೀರಿಸುವಾಗ ಶೇ 8 ಮತ್ತು ಶೇ 9ರ ಬಡ್ಡಿಗಳ ನಡುವಣ ವ್ಯತ್ಯಾಸ ಒಟ್ಟು ಸುಮಾರು 1.15 ಲಕ್ಷ ರೂಪಾಯಿ, ಅಂದರೆ ನೀವು ಇಷ್ಟು ಕಷ್ಟಪಟ್ಟು ಗಳಿಸಿದ ರಿಯಾಯಿತಿಗೆ ಹೆಚ್ಚುಕಡಿಮೆ ಸಮ. ಡೀಲರ್ ತೋರಿಸುವ ಸಾಲವನ್ನು ಒಪ್ಪುವ ಮುನ್ನ ನಿಮ್ಮ ಊರಿನ ಬ್ಯಾಂಕಿನಲ್ಲಿ ಒಮ್ಮೆ ವಿಚಾರಿಸಿ.

ಪ್ರಶ್ನೆ: ವರ್ಷದ ಯಾವ ತಿಂಗಳಲ್ಲಿ ಹೋದರೆ ಹೆಚ್ಚು ರಿಯಾಯಿತಿ ಸಿಗುತ್ತದೆ? ಡಿಸೆಂಬರಿನಲ್ಲಿ ಕೊಂಡರೆ ಕಾರು ಒಂದೇ ತಿಂಗಳಿಗೆ ಹಳೆಯದಾಗುತ್ತದೆ ಎಂದು ಸ್ನೇಹಿತರು ಹೆದರಿಸುತ್ತಾರೆ. ಗ್ರಾಹಕರಿಗೆ ಓಡಿಸಿ ನೋಡಲು ಡೀಲರ್ ಇಟ್ಟಿರುವ ಡೆಮೊ ಕಾರನ್ನು ಕೊಳ್ಳಬಹುದೇ? (ಹಾಸನ)

ಉತ್ತರ: ಡೀಲರಿಗೆ ಕಾರು ಕಂಪನಿಯಿಂದ ಬರುವ ಪ್ರೋತ್ಸಾಹಧನ ತಿಂಗಳು, ಮೂರು ತಿಂಗಳು ಮತ್ತು ವರ್ಷದ ಗುರಿಗಳಿಗೆ ಕಟ್ಟಿಕೊಂಡಿರುತ್ತದೆ. ಗುರಿಗೆ ಒಂದೆರಡು ಕಾರು ಮಾತ್ರ ಕಡಿಮೆಯಿರುವ ದಿನ ಬಂದ ಗ್ರಾಹಕನಿಗೆ ಅವರು ಬಿಟ್ಟುಕೊಡುವಷ್ಟನ್ನು ತಿಂಗಳ ಮೊದಲ ವಾರದಲ್ಲಿ ಬಂದವನಿಗೆ ಬಿಟ್ಟುಕೊಡುವುದಿಲ್ಲ. ಈ ದೃಷ್ಟಿಯಿಂದ ಮಾರ್ಚ್ ಕೊನೆಯ ವಾರ ಒಳ್ಳೆಯ ಸಮಯ. ನಮ್ಮ ಮಲೆನಾಡಿನ ಬೆಳೆಗಾರರಿಗೆ ಇದು ಇನ್ನೂ ಅನುಕೂಲ: ಅರೇಬಿಕಾ ಕೊಯ್ಲು ಮುಗಿದು, ರೊಬಸ್ಟಾ ಕೊಯ್ಲೂ ಕೊನೆಗೆ ಬಂದು, ಕೈಯಲ್ಲಿ ಹಣ ಇರುವ ಕಾಲವೂ ಅದೇ. ಆಷಾಢದಲ್ಲಿ ಹೊಸ ವಾಹನ ತೆಗೆಯಲು ನಮ್ಮ ಜನ ಹಿಂಜರಿಯುವುದರಿಂದ ಶೋರೂಮುಗಳು ಖಾಲಿಯಿರುತ್ತವೆ; ಆ ನಂಬಿಕೆ ನಿಮಗಿಲ್ಲದಿದ್ದರೆ ಆಗಲೂ ಹೋಗಿ ನೋಡಬಹುದು. ಆಯುಧಪೂಜೆಗೆ ಕಾರು ಮನೆಯ ಮುಂದೆ ನಿಲ್ಲಲೇಬೇಕು ಎಂದು ಹಟ ಹಿಡಿದವರು ಚೌಕಾಶಿಯ ಬಲವನ್ನು ತಾವೇ ಬಿಟ್ಟುಕೊಟ್ಟಂತೆ.

ಡಿಸೆಂಬರಿನ ರಿಯಾಯಿತಿ ದೊಡ್ಡದಾಗಿರಲು ಕಾರಣ ನಿಮ್ಮ ಸ್ನೇಹಿತರು ಹೇಳಿದ್ದೇ. ಆರ್‌ಸಿಯಲ್ಲಿ ಕಾರು ತಯಾರಾದ ತಿಂಗಳು ಮತ್ತು ವರ್ಷ ಇರುತ್ತದೆ, ಮುಂದೆ ಮಾರುವಾಗ ಕೊಳ್ಳುವವರು ಮೊದಲು ನೋಡುವುದು ಅದನ್ನೇ. ಕಾರನ್ನು ಎಂಟು ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಆ ವ್ಯತ್ಯಾಸ ಕರಗಿಹೋಗುತ್ತದೆ, ಅವರು ಡಿಸೆಂಬರಿನಲ್ಲಿ ಧೈರ್ಯವಾಗಿ ಕೊಳ್ಳಲಿ. ಮೂರು ವರ್ಷಕ್ಕೊಮ್ಮೆ ಬದಲಿಸುವವರು ಮಾತ್ರ, ಈಗ ಸಿಗುವ ರಿಯಾಯಿತಿ ಮುಂದೆ ಮಾರುವಾಗ ಆಗುವ ನಷ್ಟಕ್ಕಿಂತ ಸ್ಪಷ್ಟವಾಗಿ ಹೆಚ್ಚಿದ್ದರೆ ಒಪ್ಪಿಕೊಳ್ಳಬೇಕು. ಜನವರಿಯಲ್ಲಿ ಕೊಳ್ಳುವವರು ಷಾಸಿ ನಂಬರ್ ತೆಗೆದುಕೊಂಡು, ತಯಾರಾದ ತಿಂಗಳನ್ನು ಬರಹದಲ್ಲಿ ಕೇಳಿ ಪಡೆದ ಮೇಲೆಯೇ ಪೂರ್ತಿ ಹಣ ಕಟ್ಟಬೇಕು. ಹಿಂದಿನ ವರ್ಷದ ದಾಸ್ತಾನನ್ನು ಹೊಸ ವರ್ಷದ ಬೆಲೆಗೆ ಕೊಳ್ಳುವ ಅಗತ್ಯ ಯಾರಿಗೂ ಇಲ್ಲ.

ಡೆಮೊ ಕಾರಿನ ಬಗ್ಗೆಯೂ ನೀವು ಕೇಳಿದ್ದೀರಿ. ಅದರ ಆರ್‌ಸಿಯಲ್ಲಿ ಡೀಲರ್ ಹೆಸರಿದ್ದರೆ ನೀವು ಎರಡನೆಯ ಮಾಲೀಕರಾಗುತ್ತೀರಿ, ವಾರಂಟಿಯ ಅವಧಿಯೂ ಆಗಲೇ ಓಡುತ್ತಿರುತ್ತದೆ. ಜೀವಿತಾವಧಿ ತೆರಿಗೆ ಕಟ್ಟಿಯಾಗಿರುವುದೇ ಅದರ ದೊಡ್ಡ ಲಾಭ. ಹೋಲಿಸುವಾಗ ಅದರ ಬೆಲೆಯನ್ನು ಹೊಸ ಕಾರಿನ ಆನ್‌ರೋಡ್ ಬೆಲೆಯ ಜೊತೆಗೆ ಹೋಲಿಸಿ, ಎಕ್ಸ್‌ಶೋರೂಮ್ ಬೆಲೆಯ ಜೊತೆಗಲ್ಲ.

ಪ್ರಶ್ನೆ: ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರಿಗೆ ಒಂದು ರೂಪಾಯಿಯನ್ನೂ ಕಡಿಮೆ ಮಾಡಲಿಲ್ಲವೆಂದು ಪರಿಚಿತರೊಬ್ಬರು ಬೇಸರಪಟ್ಟರು. ಹೀಗೇಕೆ? (ಸಕಲೇಶಪುರ)

ಉತ್ತರ: 2025ರ ಅಕ್ಟೋಬರಿನಲ್ಲಿ 49.99 ಲಕ್ಷ ಎಕ್ಸ್‌ಶೋರೂಮ್ ಬೆಲೆಗೆ ಬಂದ ಆ ಕಾರುಗಳು ಇಡೀ ದೇಶಕ್ಕೆ 100 ಮಾತ್ರ, ಅವೂ ಮುಂಗಡ ಬುಕಿಂಗ್‌ನಲ್ಲಿಯೇ ಮುಗಿದವು. ಅದೇ ವರ್ಷ 53 ಲಕ್ಷಕ್ಕೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಮೊದಲ ಕಂತಿನಲ್ಲಿ 150 ಬಂದವು. ಕಾಯುವವರ ಸಾಲು ಕಾರಿನ ಸಂಖ್ಯೆಗಿಂತ ಉದ್ದವಿರುವಾಗ ಡೀಲರಿಗೆ ಬೆಲೆ ಇಳಿಸುವ ಕಾರಣವೇ ಇರುವುದಿಲ್ಲ. ಅಂಥ ಕಾರು ಬೇಕೆಂದರೆ ಪಟ್ಟಿಯ ಬೆಲೆಗಿಂತ ಹೆಚ್ಚು ಕೊಡದಿರುವುದೇ ನಿಮ್ಮ ಗೆಲುವು. ಮರ್ಸಿಡಿಸ್ ಬೆನ್ಜ್ 2021ರ ಅಕ್ಟೋಬರಿನಿಂದ ಭಾರತದಲ್ಲಿ ಗ್ರಾಹಕರಿಗೆ ತಾನೇ ನೇರವಾಗಿ ಬಿಲ್ ಮಾಡುತ್ತದೆ, ಡೀಲರುಗಳೆಲ್ಲರಲ್ಲಿಯೂ ಬೆಲೆ ಒಂದೇ. ಆದ್ದರಿಂದ ಅದರ ಎಎಂಜಿ ಹೆಸರಿನ ಸ್ಪೋರ್ಟ್ಸ್ ಕಾರುಗಳಿಗಾಗಿ ಒಬ್ಬ ಡೀಲರಿನ ಬೆಲೆಯನ್ನು ಇನ್ನೊಬ್ಬರ ಮುಂದೆ ಇಟ್ಟು ಪ್ರಯೋಜನವಿಲ್ಲ. ಚೌಕಾಶಿಗೆ ಎಡೆಯಿರುವುದು, ಡೀಲರಿನ ಅಂಗಳದಲ್ಲಿ ದಾಸ್ತಾನು ನಿಂತಿರುವ ಮಾದರಿಗಳಲ್ಲಿ.

ಪ್ರಶ್ನೆ: ನನಗೆ ಕೃಷಿ ಆದಾಯ ಮಾತ್ರ ಇದೆ, ರಿಟರ್ನ್ಸ್ ಸಲ್ಲಿಸುವುದಿಲ್ಲ. ಟಿಸಿಎಸ್ ಹಣ ಹೋದಂತೆಯೇ? ಸ್ವಲ್ಪ ಹಣ ನಗದಾಗಿ ಕೊಟ್ಟರೆ ಬೆಲೆ ಇಳಿಸುತ್ತೇನೆ ಎಂದು ಒಬ್ಬರು ಹೇಳಿದರು. (ಕೊಪ್ಪ)

ಉತ್ತರ: ಹೋಗುವುದಿಲ್ಲ. ಆ ಮೊತ್ತ ನಿಮ್ಮ ಪ್ಯಾನ್ ಹೆಸರಿನಲ್ಲಿ ಜಮೆಯಾಗಿರುತ್ತದೆ; ಆ ವರ್ಷದ ರಿಟರ್ನ್ಸ್ ಸಲ್ಲಿಸಿದರೆ, ಕಟ್ಟಬೇಕಾದ ತೆರಿಗೆ ಇಲ್ಲದಿದ್ದಲ್ಲಿ ಮರಳಿ ಬರುತ್ತದೆ. ಪ್ಯಾನ್ ಕೊಡದಿದ್ದರೆ ವಸೂಲಿ ಶೇ 5ಕ್ಕೆ ಏರುತ್ತದೆ. ನಗದಿನ ಮಾತಿಗೆ ಒಪ್ಪಬೇಡಿ. ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಹೆಚ್ಚಿನ ನಗದನ್ನು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಅದಕ್ಕಿಂತ ಕಡಿಮೆಯಾದರೂ ಇನ್‌ವಾಯ್ಸ್‌ನ ಹೊರಗೆ ಕೊಟ್ಟ ಹಣಕ್ಕೆ ನಾಳೆ ನಿಮ್ಮ ಬಳಿ ಯಾವ ಪುರಾವೆಯೂ ಉಳಿಯುವುದಿಲ್ಲ.

ಪ್ರಶ್ನೆ: ಪುದುಚೇರಿಯಲ್ಲಿ ನೋಂದಣಿ ಮಾಡಿಸಿದರೆ ಲಕ್ಷಗಟ್ಟಲೆ ಉಳಿಯುತ್ತದಂತೆ. ಮಾಡಬಹುದೇ? (ಚಿಕ್ಕಮಗಳೂರು)

ಉತ್ತರ: ನೀವು ಅಲ್ಲಿ ವಾಸವಿಲ್ಲದಿದ್ದರೆ ಖಂಡಿತ ಬೇಡ. ಸುಳ್ಳು ವಿಳಾಸ ಕೊಟ್ಟು ನೋಂದಣಿ ಮಾಡಿಸುವುದು ಅಪರಾಧ. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿ ಇಟ್ಟ ವಾಹನಕ್ಕೆ ಅಲ್ಲಿಯ ನೋಂದಣಿ ಪಡೆಯಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಕರ್ನಾಟಕದೊಳಗೆ ಮಾತ್ರ ಚಿಕ್ಕಮಗಳೂರಿನ ಕೆಎ 18, ಹಾಸನದ ಕೆಎ 13, ಬೆಂಗಳೂರಿನ ಯಾವುದೇ ಆರ್‌ಟಿಒ, ಎಲ್ಲಿ ಮಾಡಿಸಿದರೂ ತೆರಿಗೆಯ ದರ ಒಂದೇ.

ಪ್ರಶ್ನೆ: ಕೊಟೇಶನ್ನಿನಲ್ಲಿ ಹ್ಯಾಂಡ್ಲಿಂಗ್ ಚಾರ್ಜ್ ಎಂಬ ಸಾಲಿದೆ. ವಿಮೆಯನ್ನೂ ತಮ್ಮಲ್ಲಿಯೇ ಮಾಡಿಸದಿದ್ದರೆ ರಿಯಾಯಿತಿ ರದ್ದು ಎನ್ನುತ್ತಾರೆ. ದೂರು ಕೊಡುವುದು ಎಲ್ಲಿ? (ಅರಸೀಕೆರೆ)

ಉತ್ತರ: ಕೆಲವು ವರ್ಷಗಳ ಹಿಂದೆ ನಾನು ಕಾರು ಕೊಂಡಾಗ ಇದೇ ಹೆಸರಿನಲ್ಲಿ ನನ್ನಿಂದಲೂ ಹಣ ಪಡೆದಿದ್ದರು, ಅದು ಯಾವ ಕೆಲಸಕ್ಕೆ ಎಂದು ಬರಹದಲ್ಲಿ ಕೇಳಿದ ಮೇಲೆ ಹಿಂದಿರುಗಿಸಿದರು. ಕಾರನ್ನು ಶೋರೂಮಿಗೆ ತಂದು ನಿಲ್ಲಿಸುವ ಖರ್ಚು ಎಕ್ಸ್‌ಶೋರೂಮ್ ಬೆಲೆಯಲ್ಲಿಯೇ ಸೇರಿರಬೇಕಾದದ್ದು. ನೀವೂ ಬರಹದಲ್ಲಿಯೇ ಕೇಳಿ.

ವಿಮಾ ಕಂಪನಿಯನ್ನು ಆರಿಸುವ ಹಕ್ಕು ನಿಮ್ಮದು. ಹೊಸ ಕಾರಿಗೆ ಮೂರು ವರ್ಷಗಳ ಥರ್ಡ್ ಪಾರ್ಟಿ ವಿಮೆ 2018ರ ಸೆಪ್ಟೆಂಬರಿನಿಂದ ಕಡ್ಡಾಯ, ಅದರ ದರ ಎಲ್ಲ ಕಡೆ ಒಂದೇ. ವ್ಯತ್ಯಾಸವಿರುವುದು ಸ್ವಂತ ಹಾನಿಯ ಭಾಗದಲ್ಲಿ. ಹೊರಗಿನಿಂದ ಕೊಟೇಶನ್ ತರಿಸುವಾಗ ಐಡಿವಿ (ಪಾಲಿಸಿಯಲ್ಲಿ ಕಾರಿಗೆ ಹಿಡಿದ ಮೌಲ್ಯ) ಎರಡರಲ್ಲಿಯೂ ಸಮವಾಗಿರಲಿ, ಇಲ್ಲದಿದ್ದರೆ ಕಡಿಮೆ ಪ್ರೀಮಿಯಂ ಎಂಬುದು ಕಡಿಮೆ ರಕ್ಷಣೆಯಷ್ಟೇ ಆಗುತ್ತದೆ. ಮಲೆನಾಡಿನ ಮಳೆಯಲ್ಲಿ ನೆಲಕ್ಕೆ ಹತ್ತಿರವಿರುವ ಕಾರು ಓಡಿಸುವವರು ಎಂಜಿನ್ ರಕ್ಷಣೆಯ ಆ್ಯಡ್‌ಆನ್ ಬಿಡಬಾರದು, ಏಕೆಂದರೆ ನೀರು ನುಗ್ಗಿ ಎಂಜಿನ್ ಕೆಟ್ಟರೆ ಸಾಮಾನ್ಯ ಪಾಲಿಸಿ ಹಣ ಕೊಡುವುದಿಲ್ಲ.

ದೂರಿಗೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಬಗೆಹರಿಯದಿದ್ದರೆ, ಶೋರೂಮ್ ಬೆಂಗಳೂರಿನಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲಿಯೇ, ಅಂದರೆ ಹಾಸನದ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಸಲ್ಲಿಸಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ಆದರೆ ಜಿಲ್ಲಾ ಆಯೋಗದ ವ್ಯಾಪ್ತಿ ಕೊಟ್ಟ ಬೆಲೆ 50 ಲಕ್ಷದವರೆಗೆ ಇರುವ ವ್ಯವಹಾರಗಳಿಗೆ ಮಾತ್ರ; ಅದನ್ನು ಮೀರಿ 2 ಕೋಟಿಯವರೆಗಿನದು ಬೆಂಗಳೂರಿನ ರಾಜ್ಯ ಆಯೋಗಕ್ಕೆ ಹೋಗುತ್ತದೆ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳ ಒಳಗೆ ಸಲ್ಲಿಸಬೇಕು. ಬುಕಿಂಗ್ ರಸೀತಿ, ಕೊಟೇಶನ್ ಮತ್ತು ಮಾರಾಟಗಾರರ ವಾಟ್ಸ್‌ಆ್ಯಪ್ ಸಂದೇಶಗಳನ್ನು ಅಲ್ಲಿಯವರೆಗೆ ಅಳಿಸದೆ ಇಟ್ಟುಕೊಳ್ಳಿ.