ಅಮೆರಿಕದ ಸರ್ಕಾರವನ್ನು ಹೋಲಿಕೆಯ ಪಟ್ಟಿಯಿಂದ ಕಲಿಸಲು ಹೊರಟು ನಾನು ಮಾಡಿದ ತಪ್ಪು

ಬಿ.ಎ. ವಿದ್ಯಾರ್ಥಿಗಳಿಗೆ ಅಮೆರಿಕದ ಸರ್ಕಾರ, ರಾಜಕೀಯ ಅಧಿಕಾರ ಮತ್ತು ಪ್ರಜಾಪ್ರಭುತ್ವವನ್ನು ನಮ್ಮ ವ್ಯವಸ್ಥೆಗೆ ಹೋಲಿಸಿ ಸುಲಭವಾಗಿ ಪರಿಚಯಿಸುವುದು ಹೇಗೆ, ಸಂವಿಧಾನದಿಂದ ಆರಂಭಿಸಬೇಕೋ ಚುನಾವಣೆಯಿಂದಲೋ ಎಂದು ಕೇಳಿದ್ದೀರಿ. 2016ರ ಜುಲೈನಲ್ಲಿ ನನ್ನ ಮುಂದಿದ್ದದ್ದೂ ಇದೇ ಪ್ರಶ್ನೆ. ತಾಲ್ಲೂಕು ಕೇಂದ್ರವೊಂದರ ಪ್ರಥಮ ದರ್ಜೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿ ಅದು ನನ್ನ ಮೊದಲ ವರ್ಷ. ಕನ್ನಡ ಮಾಧ್ಯಮದ 58 ವಿದ್ಯಾರ್ಥಿಗಳಿದ್ದರು. ಗೊತ್ತಿರುವುದರಿಂದ ಗೊತ್ತಿಲ್ಲದ್ದರ ಕಡೆಗೆ ಕರೆದೊಯ್ಯಬೇಕೆಂದು ಬಿ.ಎಡ್. ಓದುವಾಗ ಕಲಿತಿದ್ದೆನಾದ್ದರಿಂದ, ಮೊದಲ ದಿನವೇ ಕರಿಹಲಗೆಯ ಮಧ್ಯದಲ್ಲಿ ಗೆರೆ ಎಳೆದು, ಎಡಕ್ಕೆ ಭಾರತ, ಬಲಕ್ಕೆ ಅಮೆರಿಕ ಎಂದು ಬರೆದು ಒಂದು ಪಟ್ಟಿಯನ್ನು ಬರೆಸಿದೆ. ಪ್ರಧಾನಿಯ ಎದುರು ಅಧ್ಯಕ್ಷ, ಲೋಕಸಭೆಯ ಎದುರು ಪ್ರತಿನಿಧಿ ಸಭೆ, ರಾಜ್ಯಸಭೆಯ ಎದುರು ಸೆನೆಟ್, ರಾಜ್ಯಪಾಲರ ಎದುರು ಗವರ್ನರ್, ಚುನಾವಣಾ ಆಯೋಗದ ಎದುರು ಫೆಡರಲ್ ಚುನಾವಣಾ ಆಯೋಗ. ಮಕ್ಕಳು ಸಂತೋಷದಿಂದ ಬರೆದುಕೊಂಡರು, ಪಾಠ ಅರ್ಥವಾಯಿತೆಂದರು, ನಾನೂ ನಂಬಿದೆ.

ಸೆಪ್ಟೆಂಬರಿನ ಆಂತರಿಕ ಪರೀಕ್ಷೆಯಲ್ಲಿ ಸೆನೆಟ್‌ನ ಅಧಿಕಾರಗಳನ್ನು ವಿವರಿಸಿ ಎಂದು ಕೇಳಿದ್ದೆ. ಸೆನೆಟ್ ಹಣಕಾಸು ಮಸೂದೆಯನ್ನು 14 ದಿನಗಳೊಳಗೆ ಹಿಂದಿರುಗಿಸಬೇಕು ಎಂದು 41 ಮಂದಿ ಬರೆದಿದ್ದರು. ಅದು ನಮ್ಮ ರಾಜ್ಯಸಭೆಯ ನಿಯಮ. ಪ್ರತಿನಿಧಿ ಸಭೆಯಲ್ಲಿ ಬಹುಮತ ಕಳೆದುಕೊಂಡರೆ ಅಧ್ಯಕ್ಷ ರಾಜೀನಾಮೆ ಕೊಡಬೇಕೆಂದು ಕೆಲವರು, ಗವರ್ನರನ್ನು ಅಧ್ಯಕ್ಷರೇ ನೇಮಿಸುತ್ತಾರೆಂದು ಇನ್ನು ಕೆಲವರು ಬರೆದಿದ್ದರು. ಓದುವುದರಲ್ಲಿ ಮುಂದಿದ್ದ ವಿದ್ಯಾರ್ಥಿನಿಯೊಬ್ಬಳಿಗೆ ಅಂಕ ಕಳೆದಾಗ, ಅವಳು ನೋಟ್‌ಪುಸ್ತಕ ತೆರೆದು, "ಸರ್, ನೀವೇ ಬರೆಸಿದ ಪಟ್ಟಿಯಲ್ಲಿ ಹೀಗಿದೆಯಲ್ಲ" ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು. ಎರಡು ಹೆಸರುಗಳನ್ನು ಒಂದೇ ಸಾಲಿನಲ್ಲಿಟ್ಟವನು ನಾನು. ಆ ಸಾಲಿನ ಒಂದು ಬದಿಯ ಗುಣಗಳನ್ನೆಲ್ಲ ಇನ್ನೊಂದು ಬದಿಗೆ ಸಾಗಿಸಿದ್ದು ಅವಳ ತರ್ಕಬದ್ಧವಾದ ನಡೆ.

ಈ ತಪ್ಪನ್ನು ನೀವು ಮಾಡದಿರಲಿ ಎಂಬ ಕಾರಣಕ್ಕೆ ಸಾಲುಸಾಲಾಗಿ ಬಿಡಿಸಿ ಹೇಳುತ್ತೇನೆ. ನಮ್ಮ ಪ್ರಧಾನಿ ನಿಂತಿರುವುದು ಲೋಕಸಭೆಯ ವಿಶ್ವಾಸದ ಮೇಲೆ. ಅಮೆರಿಕದ ಅಧ್ಯಕ್ಷರು ಕಾಂಗ್ರೆಸ್ಸಿನಿಂದ (ಪ್ರತಿನಿಧಿ ಸಭೆ ಮತ್ತು ಸೆನೆಟ್ ಸೇರಿದ ಅಲ್ಲಿನ ಸಂಸತ್ತಿನಿಂದ) ಹೊರಗೆ, ಬೇರೆಯೇ ಚುನಾವಣೆಯಲ್ಲಿ ನಾಲ್ಕು ವರ್ಷಗಳಿಗೆ ಆಯ್ಕೆಯಾಗುತ್ತಾರೆ; ಎರಡೂ ಸದನಗಳು ವಿರೋಧ ಪಕ್ಷದ ಕೈಯಲ್ಲಿದ್ದರೂ ಅವಧಿ ಪೂರೈಸುತ್ತಾರೆ, ಆದರೆ ಆ ಸದನಗಳನ್ನು ವಿಸರ್ಜಿಸುವ ಅಧಿಕಾರ ಅವರಿಗಿಲ್ಲ. ಮಹಾಭಿಯೋಗದಲ್ಲಿ ಅವರನ್ನು ಪದಚ್ಯುತಗೊಳಿಸಬೇಕಾದರೆ ಸೆನೆಟ್‌ನ ಮೂರನೇ ಎರಡು ಭಾಗದ ಮತ ಬೇಕು. 1868ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಒಂದೇ ಮತದ ಅಂತರದಲ್ಲಿ ಉಳಿದುಕೊಂಡರು. ಇನ್ನು ಸೆನೆಟ್ ನಮ್ಮ ರಾಜ್ಯಸಭೆಯಂತೆ ಹಣಕಾಸು ಮಸೂದೆಯನ್ನು ಸ್ವಲ್ಪ ಕಾಲ ತಡೆಯಲಷ್ಟೇ ಬಲ್ಲ ಸದನವಲ್ಲ. ತೆರಿಗೆಯ ಮಸೂದೆ ಪ್ರತಿನಿಧಿ ಸಭೆಯಲ್ಲಿ ಹುಟ್ಟಬೇಕೆಂಬುದು ನಿಜ, ಆದರೆ ಸೆನೆಟ್ ಅದನ್ನು ತಿದ್ದಬಹುದು, ತಿರಸ್ಕರಿಸಲೂಬಹುದು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳ ಮತ್ತು ಸಂಪುಟದ ಕಾರ್ಯದರ್ಶಿಗಳ (ನಮ್ಮಲ್ಲಿ ಸಚಿವರೆನ್ನುವವರ) ನೇಮಕಕ್ಕೆ ಅದರ ಒಪ್ಪಿಗೆ ಬೇಕು. ರಾಜ್ಯಸಭೆಯಲ್ಲಿ ಉತ್ತರ ಪ್ರದೇಶಕ್ಕೆ 31 ಸ್ಥಾನ, ಸಿಕ್ಕಿಮಿಗೆ ಒಂದು; ಸೆನೆಟ್‌ನಲ್ಲಿ ಸುಮಾರು 3.95 ಕೋಟಿ ಜನರ ಕ್ಯಾಲಿಫೋರ್ನಿಯಾಕ್ಕೂ ಎರಡು, ಆರು ಲಕ್ಷವೂ ಇಲ್ಲದ ವಯೋಮಿಂಗ್‌ಗೂ ಎರಡು. ಗವರ್ನರ್ ರಾಜ್ಯದ ಜನರಿಂದ ಆಯ್ಕೆಯಾದವರು, ಅಧ್ಯಕ್ಷರು ಅವರನ್ನು ನೇಮಿಸುವಂತೆಯೂ ಇಲ್ಲ, ತೆಗೆಯುವಂತೆಯೂ ಇಲ್ಲ.

ಇವೆಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಕೊನೆಯ ಸಾಲು. ಫೆಡರಲ್ ಚುನಾವಣಾ ಆಯೋಗವು ಚುನಾವಣಾ ಪ್ರಚಾರದ ಹಣಕ್ಕೆ ಸಂಬಂಧಿಸಿದ ಕಾನೂನನ್ನು ನೋಡಿಕೊಳ್ಳುವ ಸಂಸ್ಥೆ. ಅದು ಯಾವ ಚುನಾವಣೆಯನ್ನೂ ನಡೆಸುವುದಿಲ್ಲ. ಅಮೆರಿಕದಲ್ಲಿ ಮತದಾರರ ಪಟ್ಟಿ, ಮತಗಟ್ಟೆ, ಎಣಿಕೆ ಎಲ್ಲವೂ ರಾಜ್ಯಗಳ ಕಾನೂನಿನ ಪ್ರಕಾರ, ಬಹುತೇಕ ಕೌಂಟಿ (ರಾಜ್ಯದೊಳಗಿನ, ಜಿಲ್ಲೆಯಂಥ ಆಡಳಿತ ಘಟಕ) ಮತ್ತು ನಗರಗಳ ಕಚೇರಿಗಳಲ್ಲಿ ನಡೆಯುತ್ತವೆ. ಆ ದೇಶದಲ್ಲಿ ರಾಜಕೀಯ ಅಧಿಕಾರ ಎಲ್ಲಿ ಕುಳಿತಿದೆ ಎಂದು ತೋರಿಸಬಹುದಾಗಿದ್ದ ಜಾಗವನ್ನೇ ನಾನು ಪರಿಚಿತವಾದ ಹೆಸರೊಂದರಿಂದ ಮುಚ್ಚಿಬಿಟ್ಟಿದ್ದೆ.

ತಿದ್ದಿ ಹೇಳಿದೆ, ಎರಡು ಬಾರಿ ಹೊಸ ಟಿಪ್ಪಣಿ ಬರೆಸಿದೆ, ಆದರೂ ಮೊದಲ ದಿನದ ಪಟ್ಟಿ ಅವರ ಮನಸ್ಸಿನಿಂದ ಹೋಗಲಿಲ್ಲ. ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಹಲವರು ಅದನ್ನೇ ಬರೆದು ಅಂಕ ಕಳೆದುಕೊಂಡರು. ಮುಂದಿನ ವರ್ಷ ಆ ವಿಷಯದ ಪತ್ರಿಕೆಯನ್ನು ಕಲಿಸಲು ನನಗೆ ಕೊಡಲಿಲ್ಲ. ಕಾರ್ಯಭಾರ ಕಡಿಮೆಯಾಯಿತು, ಅದರೊಂದಿಗೆ ಗೌರವಧನವೂ. ಆ ನಷ್ಟವನ್ನು ತುಂಬಿಕೊಂಡೆ. ನೋಟ್‌ಪುಸ್ತಕ ತೆರೆದು ನಿಂತಿದ್ದ ಆ ಹುಡುಗಿಯ ಮುಖ ಮಾತ್ರ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಆ ಬಿಡುವಿನ ವರ್ಷದಲ್ಲಿ ಸಂವಿಧಾನ ರಚನಾ ಸಭೆಯ ಚರ್ಚೆಗಳನ್ನು ಓದಿದೆ. 1948ರ ನವೆಂಬರ್ 4ರಂದು ಕರಡು ಸಂವಿಧಾನವನ್ನು ಮಂಡಿಸುತ್ತ ಅಂಬೇಡ್ಕರ್ ಅವರು, ರಾಷ್ಟ್ರಪತಿ ಎಂಬ ಪದವಿಯ ಹೆಸರು ಅಮೆರಿಕದ ಅಧ್ಯಕ್ಷ ಪದವಿಯನ್ನು ನೆನಪಿಸಿದರೂ (ಇಂಗ್ಲಿಷಿನಲ್ಲಿ ಎರಡೂ ‘ಪ್ರೆಸಿಡೆಂಟ್’) ಹೆಸರಿನ ಸಾಮ್ಯವನ್ನು ಬಿಟ್ಟರೆ ಎರಡು ಸರ್ಕಾರ ಪದ್ಧತಿಗಳ ನಡುವೆ ಸಮಾನವಾದದ್ದು ಏನೂ ಇಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದರು. ನಾನು ಕರಿಹಲಗೆಯ ಮೇಲೆ ಎಳೆದ ಗೆರೆಗೆ ಅರವತ್ತೆಂಟು ವರ್ಷ ಮೊದಲೇ ಉತ್ತರ ಸಿಕ್ಕಿತ್ತು, ನಾನು ಓದಿರಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯ ಮೊದಲ ಅರ್ಧವನ್ನೇ ನಾನು ಒಪ್ಪುವುದಿಲ್ಲ. ಮೊದಲ ವಾರಗಳಲ್ಲಿ ಹೋಲಿಸಬೇಡಿ. ಹೋಲಿಕೆ ಎರಡನ್ನೂ ತಿಳಿದವರ ಕೆಲಸ. ಒಂದನ್ನು ಮಾತ್ರ ತಿಳಿದವರ ಕೈಯಲ್ಲಿ ಅದು ಎರಡನೆಯದನ್ನು ಅಳಿಸಿಹಾಕುತ್ತದೆ. ಸಂವಿಧಾನವೋ ಚುನಾವಣೆಯೋ ಎಂಬ ಎರಡನೆಯ ಅರ್ಧವೂ ನನಗೆ ಮುಖ್ಯವಾಗಿ ಕಾಣುವುದಿಲ್ಲ. ಅಧಿಕಾರ ಪ್ರತ್ಯೇಕತಾ ಸಿದ್ಧಾಂತದಿಂದ ಆರಂಭಿಸಿದರೆ ಮೂರು ಅಂಗಗಳ ಚಿತ್ರವನ್ನು ಬಾಯಿಪಾಠ ಮಾಡುತ್ತಾರೆ. ಅಧ್ಯಕ್ಷೀಯ ಚುನಾವಣೆಯಿಂದ ಆರಂಭಿಸಿದರೆ ಇಬ್ಬರು ಅಭ್ಯರ್ಥಿಗಳ ಮಾತಿನಲ್ಲೇ ತರಗತಿ ಮುಗಿಯುತ್ತದೆ. ಅಧಿಕಾರವನ್ನು ಕೇಳಲು ಹೋದ ಒಬ್ಬ ಸಾಮಾನ್ಯ ಪ್ರಜೆಯಿಂದ ಆರಂಭಿಸಿ, ಅವರನ್ನು ಯಾವ ಬಾಗಿಲಿನಲ್ಲಿ ಯಾರು ತಡೆದರು ಎಂದು ಕೇಳಿ.

2018ರಲ್ಲಿ ಪತ್ರಿಕೆ ಮತ್ತೆ ನನ್ನ ಪಾಲಿಗೆ ಬಂದಾಗ ಕರಿಹಲಗೆಯ ಮೇಲೆ ಒಂದು ಚೌಕ ಬರೆದೆ. ಅದು ಅಲಬಾಮಾ ರಾಜ್ಯದ ಟಸ್ಕೀಗಿ ನಗರದ ಗಡಿ. ಅದರೊಳಗೆ ಅಂಕುಡೊಂಕಾಗಿ 28 ಬಾಹುಗಳ ಆಕೃತಿಯನ್ನು ಬರೆದೆ. ಅದು 1957ರ ನಂತರದ ಗಡಿ. ಈ ಬದಲಾವಣೆಯಿಂದ ನಗರದಲ್ಲಿ ಮತದಾನದ ಹಕ್ಕು ಪಡೆದಿದ್ದ ಸುಮಾರು 400 ಕಪ್ಪು ಜನರಲ್ಲಿ ನಾಲ್ಕೈದು ಮಂದಿಯನ್ನು ಬಿಟ್ಟು ಉಳಿದವರೆಲ್ಲ ನಗರದ ಹೊರಗೆ ಬಿದ್ದರು, ಬಿಳಿಯ ಮತದಾರ ಒಬ್ಬನೂ ಹೊರಗೆ ಹೋಗಲಿಲ್ಲ. "ಇದನ್ನು ಮಾಡಿದ್ದು ಯಾರು?" ಎಂದು ಕೇಳಿದೆ. ಅಧ್ಯಕ್ಷರು ಎಂದರು, ಕಾಂಗ್ರೆಸ್ ಎಂದರು. ರಾಜ್ಯದ ಶಾಸಕಾಂಗ ಎಂದು ನಾನು ಹೇಳಿದಾಗ ಹಿಂದಿನ ಸಾಲಿನಿಂದ ಒಬ್ಬ, "ಚುನಾವಣಾ ಆಯೋಗ ಸುಮ್ಮನಿತ್ತೇ ಸರ್?" ಎಂದ. ಎರಡು ವರ್ಷ ಮೊದಲು ನಾನು ಮುಚ್ಚಿದ್ದ ಬಾಗಿಲನ್ನು ಅವನೇ ತೆರೆದ. ಟಸ್ಕೀಗಿ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ಚಾರ್ಲ್ಸ್ ಗೊಮಿಲಿಯನ್ ಮತ್ತಿತರರು ದಾವೆ ಹೂಡಿದ್ದನ್ನೂ, 1960ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಅವರ ಪರವಾಗಿ ನಿಂತದ್ದನ್ನೂ ಹೇಳಿದ ಮೇಲೆ ಸಂವಿಧಾನವನ್ನು ತೆರೆದೆವು. ಜನಾಂಗದ ಕಾರಣಕ್ಕೆ ಮತದ ಹಕ್ಕನ್ನು ನಿರಾಕರಿಸಬಾರದೆನ್ನುವ 15ನೇ ತಿದ್ದುಪಡಿ ಬಂದದ್ದು 1870ರಲ್ಲಿ. ಆ ತೊಂಬತ್ತು ವರ್ಷ ಅದು ಎಲ್ಲಿತ್ತು ಎಂದು ವಿದ್ಯಾರ್ಥಿಗಳೇ ಕೇಳಿದರು.

ಅದಕ್ಕೆ ಉತ್ತರವಾಗಿ ಫ್ಯಾನಿ ಲೂ ಹೇಮರ್ ಅವರ ಕಥೆ ಹೇಳಿದೆ. ಮಿಸಿಸಿಪಿಯ ಹತ್ತಿ ತೋಟದಲ್ಲಿ ದುಡಿಯುತ್ತಿದ್ದ, ಗೇಣಿದಾರರ ಇಪ್ಪತ್ತನೇ ಮಗುವಾಗಿ ಹುಟ್ಟಿದ ಆ ತಾಯಿ, 1962ರ ಆಗಸ್ಟ್ 31ರಂದು ಬಸ್ಸಿನಲ್ಲಿ ಇಂಡಿಯಾನೋಲಾ ಪಟ್ಟಣಕ್ಕೆ ಹೋಗಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಅರ್ಜಿ ಕೊಟ್ಟರು. ರಾಜ್ಯ ಸಂವಿಧಾನದ ಒಂದು ಭಾಗವನ್ನು ವಿವರಿಸಬೇಕಿತ್ತು. ವಿವರಣೆ ಸರಿಯೋ ತಪ್ಪೋ ಎಂದು ತೀರ್ಮಾನಿಸುವವನು ಆ ಕಚೇರಿಯ ಅಧಿಕಾರಿ. ಹೆಸರು ಸೇರಲಿಲ್ಲ. ಅರ್ಜಿ ಹಿಂತೆಗೆದುಕೊಳ್ಳಲು ಒಪ್ಪದ ಕಾರಣಕ್ಕೆ ಹದಿನೆಂಟು ವರ್ಷ ದುಡಿದ ತೋಟವನ್ನು ಅವರು ಅಂದೇ ರಾತ್ರಿ ಬಿಡಬೇಕಾಯಿತು. ಎರಡು ವರ್ಷಗಳ ನಂತರ, 1964ರ ಆಗಸ್ಟ್ 22ರಂದು, ಡೆಮಾಕ್ರಟಿಕ್ ಪಕ್ಷದ ಸಮಾವೇಶದ ಸಮಿತಿಯ ಮುಂದೆ ಅವರು ಇದನ್ನೆಲ್ಲ ಹೇಳುತ್ತಿದ್ದಾಗ, ಅಧ್ಯಕ್ಷ ಲಿಂಡನ್ ಜಾನ್ಸನ್ ದಿಢೀರನೆ ಪತ್ರಕರ್ತರ ಮುಂದೆ ಬಂದು ಟಿವಿ ಕ್ಯಾಮೆರಾಗಳನ್ನು ತಮ್ಮತ್ತ ತಿರುಗಿಸಿಕೊಂಡರು. ಆ ಸಂಜೆ ವಾಹಿನಿಗಳು ಹೇಮರ್ ಅವರ ಮಾತನ್ನು ಮತ್ತೆ ಬಿತ್ತರಿಸಿದವು. ಮರುವರ್ಷ, 1965ರ ಆಗಸ್ಟ್ 6ರಂದು, ಮತದಾನ ಹಕ್ಕು ಕಾಯ್ದೆಗೆ ಸಹಿ ಹಾಕಿದವರೂ ಇದೇ ಜಾನ್ಸನ್. ಕೌಂಟಿಯ ಮೇಜು, ತೋಟದ ಮಾಲೀಕ, ಪಕ್ಷ, ಅಧ್ಯಕ್ಷ, ಕಾಂಗ್ರೆಸ್, ಎಲ್ಲವೂ ಒಬ್ಬ ಹೆಣ್ಣುಮಗಳ ಮೂರು ವರ್ಷಗಳೊಳಗೆ ಬಂದುಬಿಟ್ಟವು.

ಕಥೆಯನ್ನು ಅಲ್ಲಿಗೇ ನಿಲ್ಲಿಸಬೇಡಿ, ನಿಲ್ಲಿಸಿದರೆ ಎಲ್ಲವೂ ಸರಿಹೋಯಿತೆಂದು ತಿಳಿಯುತ್ತಾರೆ. ಆ ಕಾಯ್ದೆಯ ಪ್ರಕಾರ ತಾರತಮ್ಯದ ಇತಿಹಾಸವಿದ್ದ ಪ್ರದೇಶಗಳು ಚುನಾವಣಾ ನಿಯಮ ಬದಲಿಸುವ ಮುನ್ನ ಕೇಂದ್ರದ ಅನುಮತಿ ಪಡೆಯಬೇಕಿತ್ತು. 2013ರಲ್ಲಿ ಸುಪ್ರೀಂ ಕೋರ್ಟ್ 5–4ರ ತೀರ್ಪಿನಲ್ಲಿ ಆ ಪ್ರದೇಶಗಳನ್ನು ಗುರುತಿಸುವ ಸೂತ್ರವನ್ನೇ ರದ್ದುಗೊಳಿಸಿದ್ದರಿಂದ ಆ ಅನುಮತಿಯ ವ್ಯವಸ್ಥೆ ನಿಂತುಹೋಯಿತು.

ಇಪ್ಪತ್ತು ತರಗತಿಗಳಿದ್ದರೆ ಇದಕ್ಕೆ ಐದನ್ನು ಕೊಡಿ. ಸಂವಿಧಾನವನ್ನು ರಚಿಸಿದ 1787ರ ಫಿಲಡೆಲ್ಫಿಯಾ ಸಮಾವೇಶ, ಅಧ್ಯಕ್ಷರನ್ನು ಆರಿಸುವ 538 ಚುನಾಯಕರ (ಎಲೆಕ್ಟರ್‌ಗಳ) ಮತಗಳ ಲೆಕ್ಕ, ಕಾನೂನು ಸಂವಿಧಾನಕ್ಕೆ ಒಪ್ಪುತ್ತದೆಯೇ ಎಂದು ನ್ಯಾಯಾಲಯ ಪರಿಶೀಲಿಸುವ ನ್ಯಾಯಿಕ ಪುನರ್ವಿಮರ್ಶೆ ಎಲ್ಲವೂ ಆಮೇಲೆ ಬರಲಿ. ಆಗ ಅವು ಯಾವ ಪ್ರಶ್ನೆಗೆ ಉತ್ತರವೆಂದು ವಿದ್ಯಾರ್ಥಿಗಳಿಗೆ ಗೊತ್ತಿರುತ್ತದೆ. ಹೋಲಿಕೆಯ ಪಟ್ಟಿಯನ್ನು ಕೊನೆಯ ವಾರ ಅವರಿಂದಲೇ ಮಾಡಿಸಿ, ಪ್ರತಿ ಸಾಲಿಗೂ ಇದನ್ನು ಯಾರು ತಡೆಯಬಲ್ಲರು ಎಂಬ ಮೂರನೇ ಅಂಕಣವನ್ನು ಸೇರಿಸಿ. 2018ರ ನನ್ನ ವಿದ್ಯಾರ್ಥಿಗಳು ಹಾಗೆ ಮಾಡಿದಾಗ, ಚುನಾವಣಾ ಆಯೋಗದ ಎದುರಿನ ಜಾಗವನ್ನು ಮೊದಲು ಖಾಲಿ ಬಿಟ್ಟು, ತಮ್ಮತಮ್ಮಲ್ಲೇ ಚರ್ಚಿಸಿ, ಆಮೇಲೆ ಐವತ್ತು ರಾಜ್ಯಗಳು ಎಂದು ಬರೆದರು.