ಬೋರಾನ್ ತಳಿ: ಹಿಣಿಲು ಮತ್ತು ಬರ ತಾಳುವ ಗುಣ

ಪೂರ್ವ ಆಫ್ರಿಕಾದ ಬೋರಾನ್ ದನಗಳ ಹಿಣಿಲು (ಬೆನ್ನ ಮೇಲಿನ ಡುಬ್ಬ) ಭಾರತದಿಂದ ಬಂದದ್ದೇ, ಅವು ಬರವನ್ನು ಹೇಗೆ ತಾಳುತ್ತವೆ ಎಂದು ಕೇಳಿದ್ದೀರಿ. ಹಿಣಿಲಿನ ಮೂಲ ದಕ್ಷಿಣ ಏಷ್ಯಾ ಎಂಬುದು ನಿಜ. ಆದರೆ ಅದು ಮುಖ್ಯವಾಗಿ ಹೋರಿಗಳ ಮೂಲಕ ಬಂದದ್ದರಿಂದ, ತಾಯಿಯ ಕಡೆಯಿಂದ ಇಳಿದುಬರುವ ಡಿಎನ್‌ಎ ಆಫ್ರಿಕಾದ ಹಿಣಿಲಿಲ್ಲದ ದನಗಳದ್ದಾಗಿಯೇ ಉಳಿದಿದೆ.

ದಕ್ಷಿಣ ಇಥಿಯೋಪಿಯಾದ ಬೊರಾನಾ ಪಶುಪಾಲಕರು ಬೇಸಿಗೆಯಲ್ಲಿ ಆಳವಾದ ಬಾವಿಗಳಿಗೆ ದೂರ ನಡೆಸಿಕೊಂಡು ಹೋಗಿ, ಸುಮಾರು ಮೂರು ದಿನಕ್ಕೊಮ್ಮೆ ನೀರು ಕುಡಿಸಿ ಸಾಕಿದ ತಳಿಯಾದ್ದರಿಂದ, ನೀರಿನ ಅಭಾವವನ್ನೂ ಒಣಹುಲ್ಲನ್ನೂ ತಾಳುವ ಗುಣ ಇದರಲ್ಲಿ ಬೇರೂರಿದೆ. ಗಿಡ್ಡ ನುಣುಪು ಕೂದಲು, ಅದರಡಿಯ ಕಪ್ಪು ಬಣ್ಣದ ಸಡಿಲ ಚರ್ಮ ಹಾಗೂ ಕತ್ತಿನಡಿ ಜೋಲುವ ಗಂಗೆದೊಗಲು ಬಿಸಿಲಿಗೆ ಒಗ್ಗಿವೆ. ರಕ್ತ ಹೀರುವ ಉಣ್ಣೆಹುಳುಗಳ ಕಾಟವೂ ಕಡಿಮೆ. ಕೀನ್ಯಾದಲ್ಲಿ 20ನೇ ಶತಮಾನದಲ್ಲಿ ಮಾಂಸಕ್ಕಾಗಿಯೇ ಆಯ್ದು ಬೆಳೆಸಿದ ಬೋರಾನ್‌ಗೆ ಮೈಕಟ್ಟು ಹೆಚ್ಚು. ನನ್ನ ದೃಷ್ಟಿಯಲ್ಲಿ, ಕರು ಚಿಕ್ಕದಾಗಿದ್ದು ಹಸು ಸುಲಭವಾಗಿ ಈಯುವುದೇ ತೂಕಕ್ಕಿಂತ ದೊಡ್ಡ ಲಾಭ.